ಬೆನ್ನು ಬಿಸಿಲಿಗೆ

ಮಂಗಳವಾರ, ರಾತ್ರಿ ಒಂದೂವರೆ

ಅಕ್ಕಾ,

ಇವತ್ತು ಆಗಿದ್ದು ಸಾಲ್ದು ಅಂತ ರೂಮಿನ ಗೀಸರ್ ಬೇರೆ ಕೆಟ್ಟು ಕೂತಿದೆ. ತಣ್ಣೀರಲ್ಲಿ ಕೈ ತೊಳ್ಕೊಂಡು, ಬಿರುಕಿಗೆಲ್ಲ ಮುಲಾಮು ಮೆತ್ತಿ, ಬಟ್ಟೆ ಗ್ಲೌಸ್ ಹಾಕ್ಕೊಂಡು ಕೂತಿದೀನಿ. ಬೆರಳಲ್ಲಿ ಒತ್ತೋಕಾಗಲ್ಲ. ನಾನು ಹೇಳ್ತಾ ಹೋಗ್ತೀನಿ, ಫೋನು ಬರ್ಕೊಳತ್ತೆ. ತಪ್ಪು ಬಂದ್ರೆ ಅದಕ್ಕೆ ಬೈಯಿ. ಇನ್ನೂ ಮಲಗಿಲ್ವಾ ಅಂತ ಮಾತ್ರ ನನಗೆ ಬೈಬೇಡ. ಈ ಕಡಿತ ಹಗಲೆಲ್ಲ ಸಾಧು ಥರ ಇದ್ದು, ದಿಂಬಿಗೆ ತಲೆ ಕೊಟ್ಟ ತಕ್ಷಣ ಎದ್ದು ಕೂರತ್ತೆ.

ಬೆಳಗ್ಗೆ ಕನ್ನಡಿ ನೋಡ್ತೀನಿ, ಎಡಗಣ್ಣಿನ ರೆಪ್ಪೆ ಊದ್ಕೊಂಡು ಅರ್ಧ ಮುಚ್ಚಿಹೋಗಿದೆ. ವರ್ಕ್‌ಶಾಪಿಗೆ ಹೋದ್ರೆ ಮೇಸ್ತ್ರಿ ನಕ್ಕಿದ್ದೇ ನಕ್ಕಿದ್ದು. ಯಾರೋ ಹುಡುಗಿ ಕೈ ಇಟ್ಟಿದಾಳೆ, ಬಲಗೈಯವಳೇ, ಅಂದ್ರು. ದಿಂಬು ಒತ್ತಿದೆ ಮೇಸ್ತ್ರಿ ಅಂದೆ. ದಿಂಬಿಗೂ ಹೆಸರಿರತ್ತೆ ಬಿಡು ಅಂದ್ರು.

ಆದ್ರೆ ಅದು ರೆಸಿನ್ನಿಂದ ಅಂತ ನನಗೆ ಗೊತ್ತು ಅಕ್ಕ. ನಾವು ಕೃತಕ ಕಾಲು ಮಾಡೋದು ನಿನಗೆ ಗೊತ್ತೇ ಇದೆ. ಉಳಿದ ಕಾಲು ಕೂರೋಕೆ ಒಂದು ಬಟ್ಟಲು ಬೇಕಲ್ಲ, ಅದಕ್ಕೆ ಅಚ್ಚಿನ ಮೇಲೆ ಕಾಲುಚೀಲದಂಥ ಬಟ್ಟೆ ಎಳೆದು ರೆಸಿನ್ ಅಂಟು ಸುರೀತೀವಿ. ಗಟ್ಟಿಯಾದ್ಮೇಲೆ ಅಂಚು ಕೊಯ್ದು ಉಜ್ಜೋದು. ಆ ಪುಡಿ, ಆ ವಾಸನೆ. ಮೊದಲು ಬೆರಳ ಸಂದಿಯಲ್ಲಿ ಶುರುವಾಯ್ತು, ಆಮೇಲೆ ಮಣಿಕಟ್ಟು, ಈಗ ಕಣ್ಣು.

ಎರಡು ತಿಂಗಳ ಹಿಂದೆ ನಿನಗೆ ಹೇಳ್ದಾಗ ಏನಂದೆ ನೀನು? ಬಿಸಿಲು ಕಾಯಿಸೋ, ಬಿಸಿಲಿಗಿಂತ ಡಾಕ್ಟರ್ ಬೇಕಾ ಅಂದೆ. ಹಾಸ್ಟೆಲ್ ತಾರಸಿ ಮೇಲೆ, ನೀರಿನ ಟ್ಯಾಂಕ್ ಪಕ್ಕ, ಬರೀ ಚಡ್ಡೀಲಿ ದಿನಾ ಬಿದ್ಕೊಂಡೆ. ಸುಳ್ಳು ಹೇಳಲ್ಲ, ಕಡಿತ ಇಳೀತು. ನಮ್ಮಕ್ಕ ಮುಂಚೆ ಹುಟ್ಟಿದ್ದು ಸುಮ್ನೆ ಅಲ್ಲ ಅಂತ ಅಂದ್ಕೊಂಡೆ.

ಅಷ್ಟರಲ್ಲಿ ಮೇಸ್ತ್ರಿ ಚರ್ಮದ ಆಸ್ಪತ್ರೆಗೆ ಚೀಟಿ ಬರೆಸಿಬಿಟ್ಟಿದ್ರು. ಅಲ್ಲಿ ಬೆನ್ನ ಮೇಲೆ ಸಾಲಾಗಿ ಸಣ್ಣ ಸಣ್ಣ ಪಟ್ಟಿ ಅಂಟಿಸ್ತಾರೆ. ಒಂದೊಂದರ ಅಡಿಯಲ್ಲಿ ಒಂದೊಂದು ಮದ್ದಿನ ಚುಕ್ಕೆ, ಒಂದು ನಮ್ಮ ರೆಸಿನ್ನಿಂದು. ಯಾವುದರ ಅಡಿ ಚರ್ಮ ಕೆಂಪಾಗಿ ಉಬ್ಬತ್ತೋ ಅದು ನಿನಗಾಗಲ್ಲ ಅಂತ ಲೆಕ್ಕ. ರೆಸಿನ್ ಆಗಲ್ಲ ಅಂತ ಬಂದ್ರೆ ನನ್ನ ಬೆಂಚ್ ಕೆಲಸ ಹೋಯ್ತು. ಮೂರು ವರ್ಷ ಲಾಂಡ್ರೀಲಿ ಆಸ್ಪತ್ರೆ ಬೆಡ್‌ಶೀಟ್ ಒಗೆದು ಹತ್ತಿದ ಬೆಂಚ್ ಅದು. ಮತ್ತೆ ಬೆಡ್‌ಶೀಟು.

ಪಟ್ಟಿ ಅಂಟಿಸೋ ಸಿಸ್ಟರ್ ನನ್ನ ಶರ್ಟ್ ತೆಗೆಸಿ, ಬೆನ್ನು ನೋಡಿದ್ರು. ಸೊಂಟದ ಹತ್ರ ಚಡ್ಡಿ ಗೆರೆ, ಮೇಲೊಂದು ಬಣ್ಣ, ಕೆಳಗೊಂದು ಬಣ್ಣ. ಇತ್ತೀಚೆಗೆ ಬಿಸಿಲಲ್ಲಿ ಬೆನ್ನು ಕಾಯಿಸಿದ್ರಾ ಅಂತ ಕೇಳಿದ್ರು. ಇಲ್ಲ ಸಿಸ್ಟರ್, ನಮ್ಮ ಕಡೆಯವರ ಬಣ್ಣವೇ ಹೀಗೆ ಅಂದೆ. ಪಾಪ, ಅವರ ಮುಖ ಕೆಂಪಾಯ್ತು. ಏನೋ ಕೇಳಬಾರದ್ದು ಕೇಳಿಬಿಟ್ಟೆ ಅನ್ನೋ ಥರ ಎರಡು ಸಲ ಸಾರಿ ಅಂದ್ರು. ಪೇಪರಲ್ಲಿ ಬಿಸಿಲು ಇಲ್ಲ ಅಂತ ಬರ್ಕೊಂಡ್ರು.

ಆಮೇಲೆ, ಯಾಕೆ ಕೇಳಿದ್ದು ಅಂತ ತಾವಾಗೇ ಹೇಳಿದ್ರು. ಚರ್ಮದ ಮೇಲ್ಪದರದಲ್ಲಿ ಒಂದು ಸಣ್ಣ ಅಣು ಇರತ್ತಂತೆ, ನೆಟ್ಟಗೆ. ಬಿಸಿಲಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಇರತ್ತಲ್ಲ, ಅದು ಬಡಿದ್ರೆ ಆ ಅಣು ಸೊಟ್ಟಗೆ ಮಡಚ್ಕೊಳತ್ತಂತೆ. ಮಡಚ್ಕೊಂಡಿದ್ದು ಚರ್ಮದ ಕಾವಲು ಕಾಯೋ ಜೀವಕೋಶಗಳಿಗೆಲ್ಲ ಸುಮ್ನಿರಿ, ಏನೂ ಆಗಿಲ್ಲ ಅನ್ನತ್ತಂತೆ. ಆಗ ಆಗದ ವಸ್ತು ಬಂದು ಕೂತ್ರೂ ಚರ್ಮ ಮಿಸುಕಾಡಲ್ಲ. ಬಿಸಿಲಿಗೆ ಬೆನ್ನು ಒಡ್ಡಿದ್ಮೇಲೆ ವಾರಗಟ್ಟಲೆ ಪರೀಕ್ಷೆ ಮಾಡೋ ಹಾಗಿಲ್ಲ ಅಂದ್ರು. ಹೇಳ್ತಾ ಹೇಳ್ತಾ ಒಂದೊಂದೇ ಪಟ್ಟಿ ಒತ್ತಿ ಅಂಟಿಸ್ತಿದ್ರು. ಆಗಲೂ ಬಾಯಿ ಬಿಡಬಹುದಿತ್ತು. ಬಿಡ್ಲಿಲ್ಲ.

ಆ ವಾರದ ಶುಕ್ರವಾರ ಪಟ್ಟಿ ಕಿತ್ತು ನೋಡಿದ್ರೆ ಬೆನ್ನು ಪೂರ್ತಿ ಸ್ವಚ್ಛ. ರೆಸಿನ್ ಕೆಲಸಕ್ಕೆ ಅಡ್ಡಿ ಇಲ್ಲ ಅಂತ ಡಾಕ್ಟರ್ ಸಹಿ ಹಾಕಿದ್ರು. ಮೇಸ್ತ್ರಿ ಆ ಪೇಪರನ್ನ ಗೋಡೆಗೆ ಅಂಟಿಸಿ, ನೋಡ್ರೋ ಗಂಡು ಚರ್ಮ ಅಂದ್ರು. ಅವತ್ತಿಂದ ತಾರಸಿಗೆ ಹೋಗೋದು ಬಿಟ್ಟೆ. ಎರಡೇ ವಾರ, ಎಲ್ಲ ವಾಪಸ್ ಬಂತು, ಬಡ್ಡಿ ಸಮೇತ. ವಾಸಿಯಾಗಿರಲೇ ಇಲ್ಲ ಅಕ್ಕ. ಕಾವಲಿನವರನ್ನ ಮಲಗಿಸಿದ್ದೆ ಅಷ್ಟೆ.

ಇಷ್ಟೇ ಆಗಿದ್ರೆ ನನ್ನ ಚರ್ಮ, ನನ್ನ ಕರ್ಮ ಅಂತ ಸುಮ್ನಿರ್ತಿದ್ದೆ. ಇವತ್ತು ಆಗಿದ್ದು ಕೇಳು.

ಅಂಚೆ ಹಂಚೋ ಒಬ್ರು ಅಮ್ಮನ ಕಾಲು ರೆಡಿಯಾಗ್ಬೇಕಿತ್ತು. ಮಧ್ಯಾಹ್ನಕ್ಕೆ ಬಂದು ಕೂತಿದ್ರು, ಕೈಯಲ್ಲಿ ಹಳೇ ಕಾಲಿನ ಶೂ. ಬಟ್ಟಲಿನ ಅಂಚಿಗೆ ಮೇಸ್ತ್ರಿ ಪೆನ್ಸಿಲಲ್ಲಿ ಗೆರೆ ಹಾಕಿ ಕೊಟ್ರು, ಗೆರೆ ಮೇಲೆ ಕೊಯ್ಯೋದು ನನ್ನ ಕೆಲಸ. ಒಂದೇ ಕಣ್ಣು, ಅದರಲ್ಲೂ ನೀರು. ಗೆರೆ ಎರಡಾಗಿ ಕಾಣ್ತು. ನಾನು ಕೆಳಗಿನದನ್ನ ಹಿಡಿದೆ. ಹೊರಮಗ್ಗುಲಲ್ಲಿ ಒಂದು ಬೆರಳಗಲ ಜಾಸ್ತಿ ಹೋಯ್ತು. ಕೊಯ್ದಿದ್ದನ್ನ ಮತ್ತೆ ಅಂಟಿಸೋಕಾಗಲ್ಲ.

ಆಯಮ್ಮ ಕಂಬಿ ಹಿಡ್ಕೊಂಡು ನಾಲ್ಕು ಹೆಜ್ಜೆ ಇಟ್ರು. ಐದನೇದಕ್ಕೆ ಮೊಣಕಾಲು ಹೊರಗೆ ವಾಲಿ, ತುಟಿ ಕಚ್ಕೊಂಡು ಕೂತ್ಬಿಟ್ರು. ಮೇಸ್ತ್ರಿ ಬಟ್ಟಲು ತಿರುಗಿಸಿ ತಿರುಗಿಸಿ ನೋಡಿದ್ರು. ಗೆರೆ ಎಲ್ಲಿದೆ, ಕೊಯ್ದ ಚೂರಿನ ಜೊತೆ ಕಸಕ್ಕೆ ಹೋಗಿದೆ. ಕನ್ನಡಕ ತೆಗೆದು ಒರೆಸ್ಕೊಂಡು, ತಪ್ಪಾಯ್ತು ತಾಯಿ, ನಾನೇ ಗೆರೆ ಕೆಳಗೆ ಹಾಕಿದೀನಿ, ವಯಸ್ಸಾಯ್ತು, ಕಣ್ಣು ಮೋಸ ಮಾಡ್ತಿದೆ ಅಂದ್ರು. ಆಯಮ್ಮನೇ ಸಮಾಧಾನ ಮಾಡಿದ್ರು. ಇನ್ನೆರಡು ವಾರ ಕಾಗದಗಳು ಹಳೇ ಕಾಲಲ್ಲೇ ಹೋಗ್ತವೆ ಬಿಡಿ, ಅವಕ್ಕೇನು ಗೊತ್ತಾಗತ್ತೆ ಅಂತ.

ನಾನು ಪಕ್ಕದಲ್ಲೇ ನಿಂತಿದ್ದೆ. ಗೋಡೆ ಮೇಲೆ ನನ್ನ ಪೇಪರು.

ಸಂಜೆ ಮೇಸ್ತ್ರಿ ಪೆನ್ಸಿಲನ್ನ ನನ್ನ ಬೆಂಚ್ ಮೇಲಿಟ್ಟು, ನಾಳೆಯಿಂದ ಗೆರೆ ನೀನೇ ಹಾಕು ಮಗಾ, ನನ್ನ ಕಣ್ಣು ನಂಬೋ ಹಾಗಿಲ್ಲ ಅಂದ್ರು. ನಲವತ್ತು ವರ್ಷ ಗೆರೆ ಹಾಕಿದ ಕೈ ಅಕ್ಕ. ನನ್ನ ಸುಳ್ಳಿಗೆ ಅವರು ತಮ್ಮ ಕಣ್ಣು ಬಿಟ್ಕೊಡ್ತಿದಾರೆ.

ಅದಕ್ಕೇ ನಿದ್ದೆ ಇಲ್ಲ. ಎದ್ದು ಕೂರ್ತೀನಿ, ಕಿಟಕಿ ತೆಗೀತೀನಿ, ಮುಚ್ತೀನಿ, ಮತ್ತೆ ತೆಗೀತೀನಿ. ನಾಳೆ ಮೇಸ್ತ್ರಿ ಶಟರ್ ಎತ್ತೋವಾಗ ಒಬ್ಬರೇ ಇರ್ತಾರೆ. ಆಗಲೇ ಹೇಳ್ಬೇಕು. ಆಮೇಲೆ ಆ ಸಿಸ್ಟರ್ ಹತ್ರ ಹೋಗಿ ಪೇಪರ್ ತಿದ್ದಿಸ್ಬೇಕು. ಆರು ವಾರ ಬಿಸಿಲೂ ಇಲ್ಲ, ರೆಸಿನ್ನೂ ಇಲ್ಲ, ಮತ್ತೆ ಪರೀಕ್ಷೆ. ಅಷ್ಟರಲ್ಲಿ ಬೆಂಚಿಗೆ ಬೇರೆ ಯಾರೋ ಬಂದಿರ್ತಾರೆ. ಬರ್ಲಿ. ಪ್ಲಾಸ್ಟರ್ ಅಚ್ಚು ಎರೆಯೋ ಕಡೆ ಜಾಗ ಇದ್ರೆ ಕೇಳ್ತೀನಿ, ಇಲ್ದಿದ್ರೆ ಬೆಡ್‌ಶೀಟ್ ಇದ್ದೇ ಇದೆ.

ಅಮ್ಮನಿಗೆ ಕಣ್ಣಿನ ವಿಷಯ ಬೇಡ.

ನಿನ್ನ ತರಲೆ ತಮ್ಮ

ತಾ.ಕ.: ಇಷ್ಟುದ್ದ ಬರೆಸಿದ್ಮೇಲೂ ಒಂದು ಮುಚ್ಚಿಟ್ಟಿದೀನಿ. ಇದನ್ನ ಓದಿ, ಅಯ್ಯೋ ನನ್ನ ಮಾತು ಕೇಳಿ ಹೀಗಾಯ್ತು ಅಂತ ನೀನು ಅಳ್ತೀಯ, ಗೊತ್ತು. ಅಳಬೇಡ. ನೀನು ಹೇಳಿದ್ದು ಕೈಗೆ ಬಿಸಿಲು ಕಾಯಿಸು ಅಂತ. ಬೆನ್ನಿನ ಮಾತು ನೀನು ಎತ್ತಲೇ ಇಲ್ಲ. ಪರೀಕ್ಷೆಗೆ ಮೂರು ವಾರ ಮುಂಚೆ ಆಸ್ಪತ್ರೆಯಿಂದ ಒಂದು ಚೀಟಿ ಬಂದಿತ್ತು. ಬೆನ್ನಿಗೆ ಬಿಸಿಲು ತಾಗಿಸಬೇಡಿ, ತಾಗಿದ್ರೆ ಪರೀಕ್ಷೆಯಲ್ಲಿ ಏನೂ ಕಾಣದೇ ಹೋಗಬಹುದು ಅಂತ. ಅದನ್ನ ಎರಡು ಸಲ ಓದಿ, ಶರ್ಟ್ ಬಿಚ್ಚಿ, ಬೋರಲು ಮಲಗಿದ್ದು ನಾನು. ಇದನ್ನೂ ಮೇಸ್ತ್ರಿಗೆ ಹೇಳ್ಬೇಕು. ಶಟರ್ ಎತ್ತೋದು ಎಂಟೂವರೆಗೆ. ನೀನು ಎಂಟೂಕಾಲಿಗೆ ಫೋನ್ ಮಾಡು.