ಹುರಿಯೋ ಮುಂಚೆ ಅಳೀರಿ

ಕರಿಗುಣಿ ಊರು, ಚಂದ್ರ.
ತಿಂಗಳು ಹದಿನಾಲ್ಕು, ತಾರೀಖು ನಲವತ್ತು, ೨೪೬೧.

ಅಣು ಲೇಸರ್ ನಕ್ಷೆ ಬರೀತಿರೋ ಹಳೇ ಕಾಲದ ಅಣ್ಣ ಅಕ್ಕಂದಿರೇ,

ತಾರೀಖು ನೋಡಿ ನಗಬೇಡಿ, ಇಲ್ಲಿ ತಿಂಗಳು ಹಂಗೇ ಓಡುತ್ತೆ. ನನ್ನ ಮಾತು ವಿಚಿತ್ರ ಅನ್ಸಿದ್ರೂ ಹೊಟ್ಟೆಗೆ ಹಾಕ್ಕೊಳಿ. ನಾನು ಅವನಿಜಾ, ಹದಿನೇಳು ವರ್ಷ. ಲೇಸರ್ ಅಂದ್ರೆ ಪ್ರಾಣ. ನಿಮ್ಮ ಗ್ರೂಪ್ ಚಾಟಲ್ಲಿ ಉಳಿದಿರೋದನ್ನೆಲ್ಲ ಮೂರು ಸಲ ಓದಿದೀನಿ, ಜಗಳಗಳ ಸಮೇತ!

ನಮ್ಮ 'ಬೆಳಕುಮನೆ'ಲಿ ರಿಯಾಕ್ಟರಿನ ವಿಕಿರಣವೇ ಲೇಸರ್‌ಗೆ ಶಕ್ತಿ ಕೊಡುತ್ತೆ. ಆ ಬೆಳಕು ದಪ್ಪ ಗಾಜಿನ ಕಿಟಕಿ ದಾಟಿ ಎದುರುಗುಡ್ಡದ ಐಸ್ ಗಣಿಗೆ ಹೋಗುತ್ತೆ, ಅಲ್ಲಿ ಉಸಿರಾಡೋಕೆ ಗಾಳಿ ಕೊಡೋ ಯಂತ್ರ ಓಡಿಸುತ್ತೆ. ಗಣೀಲಿ ನಮ್ಮ ಚಿಕ್ಕಮ್ಮ ಪದ್ಮಾಂಬಿಕೆ ಕೆಲಸ ಮಾಡ್ತಾರೆ. ತೊಂದರೆ ಏನಂದ್ರೆ, ಬೆಳಕು ಹುಟ್ಟಿಸೋ ವಿಕಿರಣವೇ ಗಾಜನ್ನ ಡಿಕಾಕ್ಷನ್ ಥರ ಕಂದು ಮಾಡುತ್ತೆ. ಕಂದಾದ ಗಾಜು ಬೆಳಕು ನುಂಗಿ ಕಾಯುತ್ತೆ, ಕೊನೆಗೆ ಸೀಳಿಹೋಗುತ್ತೆ, ಆಗ ಗಣೀಲಿ ಗಾಳಿ ನಿಂತಂಗೇ. ಅದಕ್ಕೇ ಹತ್ತು ದಿನಕ್ಕೊಮ್ಮೆ ಯಂತ್ರದ ಕೈಯಿಂದ ಕಿಟಕಿ ಬಿಚ್ಚಿ ಒಲೇಲಿ ಕಾಯಿಸ್ತಾರೆ, ಬಣ್ಣ ಹೋಗುತ್ತೆ. ಇದಕ್ಕೆ ಗಾಜು ಹುರಿಯೋದು ಅಂತೀವಿ. ನೋಡೋಕೆ ಜನರನ್ನೂ ಬಿಡ್ತಾರೆ. ನಾನು ಒಂದು ಸಲನೂ ತಪ್ಪಿಸಿಲ್ಲ.

ಅಲ್ಲೇ ಅನುಮಾನ ಶುರುವಾಗಿದ್ದು. ಬೆಳಕುಮನೆ ಯಜಮಾನ ನಾಗೋಜಪ್ಪ ಮಾವ ಯಾವಾಗ್ಲೂ ಹುರಿದ ಮೇಲೇ ಅಳೀತಾರೆ. ನೂರಕ್ಕೆ ತೊಂಬತ್ತಾರು ಪಾಲು ಬೆಳಕು ದಾಟುತ್ತೆ, ಫಳಫಳ! ನಾನು ನನ್ನದೇ ಮೀಟರ್ ಮಾಡ್ಕೊಂಡು ಹುರಿಯೋ ಮುಂಚೆ ಅಳೆದೆ, ಮೂರು ಸಲ. ಎಂಬತ್ತೆರಡು. ಎಪ್ಪತ್ತೆರಡು. ಅರವತ್ತೊಂದು. ಪ್ರತಿ ಸಲ ಇನ್ನೂ ಬೇಗ ಕಂದಾಗ್ತಿದೆ. ನಮ್ಮೂರ ಗ್ರೂಪಲ್ಲಿ ಹಾಕಿದೆ. "ಮರಿ, ಮೊದಲು ನಿನ್ನ ಕನ್ನಡಕ ಒರೆಸ್ಕೋ" ಅಂದ್ರು ಮಾವ. ಮೂವತ್ತು ಜನ ನಗೋ ಮುಖ ಒತ್ತಿದ್ರು. ಸ್ವಲ್ಪ ಹೊತ್ತಿಗೆ ನನ್ನ ಮೆಸೇಜೇ ಮಾಯ. ಯಾರು ಅಳಿಸಿದ್ರು? ಯಾಕೆ? ಚಿಕ್ಕಮ್ಮನೂ "ನಾಗೋಜಪ್ಪ ಸುಳ್ಳು ಹೇಳೋರಲ್ಲ ಕಣೇ" ಅಂತಾರೆ. ಸುಳ್ಳಲ್ಲ, ಸರಿ. ಆದ್ರೆ ಮಗೂಗೆ ಸ್ನಾನ ಮಾಡಿಸಿ ಆಮೇಲೆ ಕೊಳೆ ಹುಡುಕಿದ್ರೆ ಸಿಗುತ್ತಾ?

ಇಲ್ಲಿ ನಿಮ್ಮ ನಕ್ಷೆಯೇ ಶಾಸ್ತ್ರ. ಅದರಲ್ಲಿ 'ಕಾಯಿಸಿ, ಅಳೆಯಿರಿ' ಅಂತ ಮಾತ್ರ ಇದೆ. ಇಲ್ಲದ್ದನ್ನ ಮಾವ ಮಾಡಲ್ಲ. ಒಂದೇ ಒಂದು ಸಾಲು ಸೇರಿಸಿ, ಪ್ಲೀಸ್: ಒಲೆಗಿಡೋ ಮುಂಚೆಯೂ ಅಳೆಯಿರಿ, ಎಪ್ಪತ್ತಕ್ಕಿಂತ ಕಮ್ಮಿ ಇದ್ರೆ ಹೊಸ ಗಾಜು ಹಾಕಿ.

ನಾಳೆ ಬೆಳಿಗ್ಗೆ ಮತ್ತೆ ಹುರೀತಾರೆ. ಮಧ್ಯಾಹ್ನ ಚಿಕ್ಕಮ್ಮ ಗಣಿಗೆ ಇಳೀಬೇಕು. ಮಾವನ ಕೈ ಮೊದಲು ಮೀಟರಿಗೆ ಹೋದ್ರೆ ನೀವು ಬರೆದ್ರಿ ಅಂತ ತಿಳ್ಕೋತೀನಿ. ಒಲೆ ಸ್ವಿಚ್ಚಿಗೆ ಹೋದ್ರೆ, ಚಿಕ್ಕಮ್ಮ ಎಷ್ಟೇ ಬೈಲಿ, ಗಣಿಗೆ ಇಳಿಯೋಕೆ ಬಿಡದೆ ಅವರ ಕಾಲು ಹಿಡ್ಕೊಂಡು ಕೂರ್ತೀನಿ.

ನಿಮ್ಮನ್ನ ಇನ್ನೂ ನಂಬಿರೋ,
ಅವನಿಜಾ