ಕೂಗುಪೆಟ್ಟಿಗೆ

ಅಕ್ಟೋಬರ್ 20, ಭಾನುವಾರ

ಹುಣಸೂರಿನಿಂದ ಈಗ ತಾನೇ ಬಂದೆ. ಅರ್ಧ ದಾರಿ ಬಸ್ಸಿನಲ್ಲಿ ನಿಂತೇ ಬಂದದ್ದು. ಕಾಲು ಸೆಳೆಯುತ್ತಿದೆ, ಆದರೂ ಖುಷಿ. 'ನಾಳೆಯವರು' ಅಂತ ಒಂದು ವಾಟ್ಸ್ಯಾಪ್ ಗ್ರೂಪ್ — ಸೈನ್ಸ್ ಫಿಕ್ಷನ್ ಹುಚ್ಚಿನವರದು. ಇವತ್ತು ಅವರ ಮೀಟಿಂಗ್. ನಿಮ್ಮ ತಂಡ ಮುಂದೆ ರಂಗಕ್ಕೆ ತರುವ ನಾಟಕಗಳ ಬಗ್ಗೆ ಮಾತಾಡಿ ಎಂದು ಕರೆದಿದ್ದರು. ನನ್ನನ್ನು! ಸರಗೂರಿನಲ್ಲಿ ಮಕ್ಕಳಿಗೆ ಕಾಗುಣಿತ ತಿದ್ದುವ ಕನ್ನಡ ಟೀಚರನ್ನು.

ಮೂರು ನಾಟಕ ಹೇಳಿದೆ. ಒಂದು ಬ್ಯಾರನ್‌ನದು, ಹೊಗೆಸೊಪ್ಪು ಬೇಯಿಸುವ ಕಟ್ಟಡ. ಒಳಗೆ ಹೋದವರು ಹೊರಗೆ ಬರುವಷ್ಟರಲ್ಲಿ ಮುದುಕರಾಗಿರುತ್ತಾರೆ. ನಕ್ಕರು. ಇನ್ನೊಂದು, ಕಬಿನಿ ಹಿನ್ನೀರು ಇಳಿದಾಗ ಕಾಣಿಸುವ ಊರು — ಮುಳುಗಿದ್ದಲ್ಲ, ಇನ್ನೂ ಕಟ್ಟಬೇಕಾದ್ದು. ಒಬ್ಬ ಆಕಳಿಸಿದ. ಕೊನೆಗೆ 'ಕೂಗುಪೆಟ್ಟಿಗೆ'. ಹೊಲ ಕಾಯುವವನ ಕೂಗನ್ನು ಕಲಿತ ಯಂತ್ರ. ಅವನು ಸತ್ತ ಮೇಲೂ ಅವನ ದನಿಯಲ್ಲಿ ಕೂಗುತ್ತದೆ. ಕಡೆಗೊಂದು ದಿನ, ಯಾರೂ ಕಲಿಸದ ಮಾತು ಆಡುತ್ತದೆ.

ಆಕಳಿಸಿದವನೂ ನೆಟ್ಟಗೆ ಕೂತ. ಒಬ್ಬಳು ಹುಡುಗಿ, "ಏನ್ ಮಾತಾಡುತ್ತೆ ಕಾವ್ಯಾ ಮೇಡಂ?" ಅಂದಳು. "ಟಿಕೆಟ್ ತಗೊಂಡು ಬನ್ನಿ" ಅಂದೆ. ಚಪ್ಪಾಳೆಯೋ ಚಪ್ಪಾಳೆ. ಜಂಭ ಬಂತು, ಸುಳ್ಳೇಕೆ. ಅದೇ ಉಬ್ಬಿನಲ್ಲಿ ನವೆಂಬರ್ 24ಕ್ಕೆ ಪ್ರದರ್ಶನ ಅಂತ ಹೇಳಿಯೂ ಬಿಟ್ಟೆ.

ಅಕ್ಟೋಬರ್ 23

ರೆಕಾರ್ಡಿಂಗ್ ಮುಗಿಯಿತು. ಪೆಟ್ಟಿಗೆಯ ದನಿ ಕರಿಯಪ್ಪ ಮಾವನದು. ಅಮ್ಮನ ತಮ್ಮ, ಈ ಅಂತರಸಂತೆಯಲ್ಲಿ ನಾನಿರುವುದು ಅವರ ಮನೆಯ ಪಕ್ಕದ ಕೋಣೆ. ಒಂದು ಕಾಲಕ್ಕೆ ಊರ ಪೌರಾಣಿಕ ನಾಟಕಗಳಿಗೆಲ್ಲ ಇವರೇ ಭೀಮ. ಮೈಕ್ ಬೇಕಿಲ್ಲದ ಗಂಟಲು. ನಮ್ಮ ತಂಡದ ಸೌಂಡ್ ನೋಡಿಕೊಳ್ಳುವ ಗೌರೀಶ್ ಹೊಲಕ್ಕೇ ಬಂದಿದ್ದ. ಮಾವ ರಾತ್ರಿ ಹಂದಿ, ಆನೆ ಕಾಯುವ ಅಟ್ಟಣೆ ಹತ್ತಿ, ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದರು.

"ಓಯ್... ಯಾರ್ಲಾ ಅದು? ಎದ್ದಿವ್ನಿ ಕಣ್ಲಾ! ಓಗು... ಓಗು!"

ಪಕ್ಕದ ಹೊಲದಿಂದ ಬೆಟ್ಟಸ್ವಾಮಿ ಅಲ್ಲಿಂದಲೇ "ಓಯ್" ಅಂದ. ಗೌರೀಶ್ ಬೆಚ್ಚಿದ.

"ಮರುಕೂಗು ಕಣಪ್ಪ" ಅಂದರು ಮಾವ. "ಒಬ್ಬ ಕೂಗುದ್ರೆ ಪಕ್ಕದೋನು ಓಯ್ ಅನ್ಬೇಕು. ಅನ್ನಿಲ್ಲ ಅಂದ್ರೆ ಅವುನ್ಗೇನೋ ಆಗದೆ ಅಂತ. ಎದ್ದೋಗಿ ನೋಡ್ಬೇಕು."

ಆಮೇಲೆ ಕ್ಲೈಮ್ಯಾಕ್ಸ್ ಮಾತು. ಅದಕ್ಕೆ ಮಾತ್ರ ಮಾವ ಒಪ್ಪಲಿಲ್ಲ. "ಒಲ್ದಲ್ಲಿ ನಿಂತ್ಕಂಡು ಇಂಗೆಲ್ಲಾ ಸುಮ್‌ಸುಮ್ನೆ ಕೂಗ್ಬಾರ್ದು ಕಣವ್ವ." ನಾಟಕ ತಾನೆ ಮಾವ, ಅಂತ ಗೋಗರೆದೆ. ಕಣ್ಣು ಮುಚ್ಚಿಕೊಂಡು ಕೂಗಿದರು.

"ಯಾರಾರ ಬನ್ರಪ್ಪಾ... ಬನ್ರಪ್ಪಾ..."

ಅಷ್ಟರಲ್ಲಿ ದೊಣ್ಣೆ ಹಿಡಿದು ಬೆಟ್ಟಸ್ವಾಮಿ ಓಡಿಬಂದ. ಬದು, ಮುಳ್ಳು ಯಾವುದೂ ನೋಡಿಲ್ಲ, ಪಾದದಲ್ಲಿ ರಕ್ತ. ನಾಟಕ ಅಂದಾಗ ನಕ್ಕ. ಬೆವರು ಒರೆಸಿಕೊಳ್ಳುತ್ತಾ, "ಜೀವ ಓಗಿತ್ತು ಕಣವ್ವ" ಅಂದ. ನಮಗೂ ನಗು. ಮಾವ ನಗಲಿಲ್ಲ.

ಅಕ್ಟೋಬರ್ 27

ಎರಡೂ ಕೂಗನ್ನು ಸೇರಿಸಿ ಗೌರೀಶ್ ಟೀಸರ್ ಮಾಡಿದ್ದಾನೆ. 'ನಾಳೆಯವರು' ಗ್ರೂಪಿಗೆ ಹಾಕಿದೆ. ಫೋನು ಬಿಡುವಿಲ್ಲದೆ ಟಿಣ್ ಟಿಣ್. ಪಿರಿಯಾಪಟ್ಟಣದಿಂದ ಒಬ್ಬ ಬರೆದಿದ್ದಾನೆ — ಮೇಡಂ, ಇದನ್ನು ಕೇಳಿ ನಮ್ಮ ನಾಯಿ ಮಂಚದ ಕೆಳಗೆ ಸೇರಿತು. ಕೆ.ಆರ್. ನಗರದವರು ಅಲ್ಲೂ ಒಂದು ಶೋ ಕೊಡಿ ಅಂತಿದ್ದಾರೆ. ಫಾರ್ವರ್ಡ್ ಮಾಡಲಾ ಅಂತ ಕೇಳಿದವರಿಗೆಲ್ಲ ಧಾರಾಳವಾಗಿ ಅಂದೆ.

ನವೆಂಬರ್ 5

ವಿಚಿತ್ರ. ಸಂಜೆ ಮಾವ ಅಂಗಳದಲ್ಲಿ ಕೂತು ಟೀ ಕುಡಿಯುತ್ತಿದ್ದರು. ಹೊಲದ ಕಡೆಯಿಂದ ಮಾವನದೇ ಕೂಗು. ಲೋಟ ಹಿಡಿದ ಕೈ ಹಾಗೇ ನಿಂತಿತು.

ಹೋಗಿ ನೋಡಿದರೆ ಬೆಟ್ಟಸ್ವಾಮಿಯ ಹೊಲದಲ್ಲಿ ಗೂಟಕ್ಕೆ ಕಟ್ಟಿದ ಬ್ಯಾಟರಿ ಸ್ಪೀಕರ್. ಯಾರೋ ಅವನ ಫೋನಿಗೆ ಟೀಸರ್ ಕಳಿಸಿದ್ದಾರೆ. "ಪಟಾಕಿಗೂ ಬಗ್ಗದ ಕಾಡಂದಿಗ್ಳು, ನಿಮ್ ಮಾವುನ್ ದನಿಗೆ ಅತ್ಲಾಗೆ ಓಡೋದ್ವು ಕಣವ್ವ! ಇನ್ಮೇಲೆ ನಾನು ನೆಮ್ಮದಿಯಾಗಿ ಮನೇಲಿ ಮಲಗ್ತೀನಿ."

ನಾನು ಬರೆದದ್ದು ಹೊಲದಲ್ಲಿ ನಿಂತು ಕೂಗುತ್ತಿದೆ. ಯಾವ ನಾಟಕಕಾರನಿಗೆ ಈ ಭಾಗ್ಯ! ಫೋಟೋ ತೆಗೆದು ಗ್ರೂಪಿಗೆ ಹಾಕಿದೆ.

ನವೆಂಬರ್ 11

ಈಗ ಸುತ್ತ ಎಲ್ಲ ಹೊಲದಲ್ಲೂ ಅದೇ. ಕತ್ತಲಾಗುತ್ತಲೇ ಎಲ್ಲ ಮೂಲೆಯಿಂದಲೂ ಕರಿಯಪ್ಪ ಮಾವ. ಒಂದು ಮುಗಿಯುವ ಮುಂಚೆ ಇನ್ನೊಂದು. ಅಟ್ಟಣೆಯಲ್ಲಿ ಯಾರೂ ಇಲ್ಲ. ಮಾವ ಒಬ್ಬರೇ.

"ಪೆಟ್ಗೆಗೆ ಯಾರು ಮರುಕೂಗು ಕೊಟ್ಟಾರು?" ಅಂದರು, ಊಟದ ಹೊತ್ತಿಗೆ. "ನಾನು ಕೂಗುದ್ರೂ ಈಗ ಯಾರೂ ಓಯ್ ಅನ್ನಕಿಲ್ಲ." ಮುದ್ದೆ ಅರ್ಧಕ್ಕೇ ಬಿಟ್ಟೆದ್ದರು.

ನವೆಂಬರ್ 16

ನಿನ್ನೆ ಮುಸ್ಸಂಜೆ ಆನೆ ಬಂತು. ಒಂಟಿ ಸಲಗ. ಕೊಯ್ಲಿಗೆ ಬಂದ ರಾಗಿ ತುಳಿದುಕೊಂಡು ನೇರ ಮಾವನ ಅಟ್ಟಣೆಯ ಕೆಳಗೇ ನಿಂತಿತಂತೆ. ಮಾವ ಬಾಯಿ ಒಣಗುವ ತನಕ ಕೂಗಿದ್ದಾರೆ. ಒಬ್ಬರೂ ಬರಲಿಲ್ಲ. ನಾನೂ ಕೇಳಿಸಿಕೊಂಡೆ. ಪೆಟ್ಟಿಗೆ ಅಂದುಕೊಂಡು ಕಾಪಿ ತಿದ್ದುತ್ತಾ ಕೂತಿದ್ದೆ.

ಆನೆ ತಾನಾಗಿ ಹೋಯಿತು. ಸ್ಪೀಕರಿಗೆ ಹೆದರಿ ಅಲ್ಲ, ಪಕ್ಕದಲ್ಲೇ ಅದು ಕೂಗುತ್ತಿದ್ದರೂ ತಿನ್ನುತ್ತಲೇ ಇತ್ತಂತೆ. ಅದಕ್ಕೂ ಗೊತ್ತಾಗಿದೆ, ಈ ದನಿಯ ಹಿಂದೆ ಯಾರೂ ಇಲ್ಲ ಅಂತ.

ಬೆಳಿಗ್ಗೆ ಬೆಟ್ಟಸ್ವಾಮಿ ಮುಖ ಸಣ್ಣ ಮಾಡಿಕೊಂಡು ಬಂದ. "ನೀವು ಕೂಗುದ್ರೋ, ಪೆಟ್ಗೆ ಕೂಗ್ತೋ, ಎಂಗಣ್ಣ ಗೊತ್ತಾಯ್ತದೆ?" ಮಾವ ನನ್ನ ಕಡೆ ತಿರುಗಿದರು. "ಅದ ನಿಲ್ಸವ್ವ. ನೀನು ಏಳುದ್ರೆ ಎಲ್ರೂ ಕೇಳ್ತಾರೆ. ನನ್ ದನಿ ನಂಗೆ ಕೊಟ್ಬುಡು."

ನಾಳೆ 'ನಾಳೆಯವರು' ಇಲ್ಲಿಗೇ ಬರುತ್ತಿದ್ದಾರೆ. ಹೊಲಗಳೆಲ್ಲ ಒಟ್ಟಿಗೆ ಕೂಗುವುದನ್ನು ವಿಡಿಯೋ ಮಾಡಬೇಕಂತೆ. ಇದಕ್ಕಿಂತ ಪ್ರಚಾರ ಬೇಕೆ? "ಭಾನುವಾರ ಒಂದು ಕಳೀಲಿ ಮಾವ" ಅಂದೆ. ಆಗಲಿ ಅನ್ನುವ ಹಾಗೆ ತಲೆಯಾಡಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 17, ಭಾನುವಾರ

ಬಂದರು, ಕುಣಿದರು, ಹೋದರು. ಆ ಹುಡುಗಿ, ಟಿಕೆಟ್ ತಗೊಳ್ಳಿ ಅಂದಿದ್ದೆನಲ್ಲ, ಅವಳು ಬದುವಿನ ಮೇಲೆ ನಿಂತು ಅಳುವುದೊಂದು ಬಾಕಿ. "ಎಷ್ಟು ಭಯ ಆಗುತ್ತೆ ಮೇಡಂ, ಸೂಪರ್!" ವಿಡಿಯೋ ಆಗಲೇ ಎಲ್ಲ ಕಡೆ ಓಡುತ್ತಿದೆ. ಟಿಕೆಟ್ ಖಾಲಿಯಾಗುತ್ತಿದೆ ಅಂತ ಗೌರೀಶ್ ಫೋನ್ ಮಾಡಿದ್ದ.

ಪೆಟ್ಟಿಗೆ ನಿಲ್ಲಿಸಿ ಅಂತ ಬೆಟ್ಟಸ್ವಾಮಿಗೆ, ಉಳಿದವರಿಗೆ ಹೇಳುವುದು ಮರೆತೆ. ಮರೆತೆನೋ... ಇನ್ನೊಂದು ವಾರ ಇರಲಿ ಅನ್ನಿಸಿತೋ. ಇಲ್ಲಿ ಯಾರೂ ಓದುವುದಿಲ್ಲ. ಎರಡನೆಯದೇ ನಿಜ.

ನವೆಂಬರ್ 20, ಸಂಜೆ ಏಳು

ನಾಳೆ ಶಾಲೆಗೆ ಹೋಗುವ ಮುಂಚೆ ಬೆಟ್ಟಸ್ವಾಮಿಗೆ ಹೇಳಿಯೇ ಬಿಡುತ್ತೇನೆ. ಆನೆ ಮತ್ತೆ ಕೆರೆ ಹಿಂದೆ ಕಾಣಿಸಿತಂತೆ. ಪ್ರಚಾರ ಸಾಕು. ಮಾವನ ಮುಖ ನೋಡಲಾಗುತ್ತಿಲ್ಲ.

ಊಟಕ್ಕೆ ಇನ್ನೂ ಬಂದಿಲ್ಲ ಅವರು. ಉಳಿದ ರಾಗಿಯನ್ನಾದರೂ ಕಾಯಬೇಕು ಅಂತ ಬೇಗ ಹೋದರು. ಪುಟ್ಟತಾಯಮ್ಮ ಅತ್ತೆ ಎಸರಿಗಿಟ್ಟು ಕಾಯುತ್ತಿದ್ದಾರೆ.

ಪೆಟ್ಟಿಗೆಗಳು ಶುರುವಾದವು. ಓಯ್, ಯಾರ್ಲಾ ಅದು. ಆಮೇಲೆ ಬನ್ರಪ್ಪಾ. ಮತ್ತೆ ಬನ್ರಪ್ಪಾ. ನಡುವೆ ಓಗು ಓಗು ಬರಬೇಕಲ್ಲ... ಯಾವುದೋ ಸ್ಪೀಕರ್ ಕೆಟ್ಟಿರಬೇಕು.

ಅತ್ತೆ ಬಾಗಿಲಿಗೆ ಬಂದು, "ಅದ್ಯಾಕವ್ವ ಇವತ್ತು ಒಂದೇ ಸಮ್ಕೆ ಬಡ್ಕತಾ ಅದೆ?" ಅಂದರು.

"ಪೆಟ್ಟಿಗೆ ಅತ್ತೆ" ಅಂದೆ. ಒಳಗೆ ಹೋದರು.

ಮತ್ತೆ. ಬನ್ರಪ್ಪಾ... ಕಾವ್ಯಾ... ಬಾರವ್ವಾ...

ಬರೆದವಳು ನಾನು. ರೆಕಾರ್ಡ್ ಮಾಡಿಸಿದವಳೂ ನಾನೇ. ಅದರಲ್ಲಿ ನನ್ನ ಹೆಸರಿಲ್ಲ. ಅದರಲ್ಲಿ ನನ್ನ —