ಹೊಳೆಯನ್ನು ಒಳೆ ಎಂದವಳ ಓಲೆ

ಕ್ರಿ.ಶ. 2187, ಆಷಾಢದ ನಲವತ್ತೊಂದನೆಯ ದಿನ
ಏಳುಗಡ್ಡೆ ಬಾನುಲಿ ಕೇಂದ್ರ

ನೂರ ಅರುವತ್ತು ವರ್ಷ ಹಿಂದಿನ ಬಾನುಲಿಯವರಿಗೆ,

ತಾರೀಕು ನೋಡಿ ಗಾಬರಿಯಾಗಬೇಡಿ. ಮಳೆ ಜಾಗ ಬದಲಿಸಿದ ಮೇಲೆ ಆಷಾಢವನ್ನು ಐವತ್ತು ದಿನಕ್ಕೆ ಎಳೆದಿದ್ದಾರೆ. ಮಾತು ವಿಚಿತ್ರ ಕಂಡರೆ ಕ್ಷಮಿಸಿ. ನಾನು ಮೂರನೆಯ ತರಗತಿಯಲ್ಲಿದ್ದಾಗ ಶಾಲೆ ಮುಳುಗಿತು, ಆಮೇಲೆ ಓದಲಿಲ್ಲ. ಈ ಕಾಗದದಲ್ಲಿ ಹಕಾರ ಎಲ್ಲಾದರೂ ಬಿಟ್ಟುಹೋಗಿದೆಯೋ ಎಂದು ನಾಲ್ಕು ಸಲ ನೋಡಿದ್ದೇನೆ. ಇನ್ನೂ ಸಮಾಧಾನವಿಲ್ಲ.

ನನ್ನ ಹೆಸರು ಸಿದ್ದಾಜಮ್ಮ. ಹೊಳೆ ನಡುವಿನ ಏಳು ಗಡ್ಡೆಗಳ ಜನಕ್ಕೆ ಮೂವತ್ತೆಂಟು ವರ್ಷದಿಂದ ನೀರಿನ ಮಟ್ಟ, ದೋಣಿಯ ಹೊತ್ತು, ಹೆರಿಗೆ, ಸಾವು, ಕಳೆದುಹೋದ ಮೇಕೆ, ಎಲ್ಲವನ್ನೂ ಬಾನುಲಿಯಲ್ಲಿ ಹೇಳುತ್ತಾ ಬಂದವಳು. ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೊಳೆ ನನಗೆ ‘ಒಳೆ’. ಒಮ್ಮೆ ಮೂರನೆಯ ಗಡ್ಡೆಗೆ ಹಕ್ಕಿ ಬಂದಿವೆ ಎಂದು ಸಂತೋಷದಿಂದ ಹೇಳಿದೆ. ಜನ ಚೀಲ ಹಿಡಿದು ದೋಣಿಕಟ್ಟೆಗೆ ಬಂದರು. ಅಂದಿನಿಂದ, ಮಾತು ಹೊರಗೆ ಹೊರಡುವ ಕೆಂಪು ದೀಪ ಹತ್ತುವ ಮೊದಲು ಹಕಾರದ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಒಮ್ಮೆ ಹೇಳಿಕೊಳ್ಳುತ್ತೇನೆ.

ಹೋದ ಸೋಮವಾರ ಸಂಜೆ ಕೇಂದ್ರಕ್ಕೆ ‘ತಿದ್ದುಗೊರಳು’ ಬಂತು, ಮಾತಾಡುತ್ತಿರುವಾಗಲೇ ಉಚ್ಚಾರ ತಿದ್ದಿ ಕಳಿಸುವ ಯಂತ್ರ. ನನಗೆ ಹೋದ ಜೀವ ಬಂದಂತಾಯಿತು.

ಮಂಗಳವಾರ ಬೆಳಿಗ್ಗೆ ಮೇಲಿನ ಅಣೆಕಟ್ಟೆ ಬಿರಿಯಿತು. ನೀರು ಬರಲು ಒಂದು ಗಂಟೆ. ಹೊಳೆ ಬರುತ್ತಿದೆ, ದಿಬ್ಬ ಹತ್ತಿ ಎಂದು ಸಾರಿದೆ, ಮತ್ತೆ ಸಾರಿದೆ. ಕಿಟಕಿಯಿಂದ ನೋಡಿದರೆ ಗಡ್ಡೆಗಳಲ್ಲಿ ಒಲೆಯ ಹೊಗೆ, ಯಾರೂ ಕದಲಿಲ್ಲ. ಆಗ ‘ಎದುರುಲಿ’ಯಲ್ಲಿ, ಕೇಳುಗರು ತಿರುಗಿ ಮಾತಾಡುವ ಪೆಟ್ಟಿಗೆ ಅದು, ಐದನೆಯ ಗಡ್ಡೆಯ ಅಂಬಿಗ ರಾಚಣ್ಣ ಬೈದ: “ಯಾರಮ್ಮಿ ನೀನು? ಸಿದ್ದಾಜಕ್ಕನ ದನಿ ಕದ್ದಿದ್ದೀಯಾ? ನಮ್ಮಕ್ಕನ ಬಾಯಲ್ಲಿ ಯಾವತ್ತಾರ ‘ಹೊಳೆ’ ಬಂದದಾ?”

ದನಿ ಕದ್ದು ಸುಳ್ಳು ಸಾರಿ, ಜನ ಓಡಿದ ಮೇಲೆ ಮನೆ ದೋಚುವ ‘ಕಳ್ಳುಲಿ’ಗಳು ನಮ್ಮ ಕಾಲದಲ್ಲಿ ಬಹಳ. ನನ್ನ ತಪ್ಪನ್ನೇ ಗುರುತಾಗಿಟ್ಟುಕೊಂಡು ಇವರು ಇಷ್ಟು ವರ್ಷ ನನ್ನನ್ನು ನಂಬಿದ್ದರು. ನೊಂದುಕೊಂಡೇನು ಎಂದು ಯಾರೂ ನನಗೆ ಹೇಳಿರಲಿಲ್ಲ.

ತಿದ್ದುಗೊರಳಿನ ತಂತಿ ಕಿತ್ತು ಕೂಗಿದೆ: “ರಾಚಣ್ಣ, ಒಳೆ ಬತ್ತಾ ಅದೆ ಕಣಪ್ಪೋ! ದಿಬ್ಬ ಅತ್ರೀ ಎಲ್ರೂವೆ!”

“ಅಯ್ಯೋ, ಅಕ್ಕನೇ ಕಣ್ರೋ! ಏಳ್ರೋ!”

ಆರು ಗಡ್ಡೆಗಳವರು ದಿಬ್ಬ ಸೇರಿದರು. ಏಳನೆಯದರಲ್ಲಿ ನಾಲ್ವರಿಗೆ ಹೊತ್ತು ಸಾಲಲಿಲ್ಲ. ಅವರ ಹೆಸರುಗಳನ್ನು ಸಂಜೆ ನಾನೇ ಓದಿದೆ. ಹೊನ್ನಾಜಿಯನ್ನು ಒನ್ನಾಜಿ ಎಂದೇ ಓದಿದೆ. ಯಾರೂ ನಗಲಿಲ್ಲ.

ನಾಳೆಯಿಂದ ನನ್ನ ಕುರ್ಚಿಯಲ್ಲಿ ಇಂಚರ ಎಂಬ ಹುಡುಗಿ ಕೂರುತ್ತಾಳೆ. ಚೆನ್ನಾಗಿ ಓದಿದವಳು, ಉಚ್ಚಾರದಲ್ಲಿ ಒಂದು ಕೂದಲೆಳೆ ತಪ್ಪಿಲ್ಲ. ಅದೇ ನನ್ನ ಭಯ, ಕಳ್ಳುಲಿಯಲ್ಲ, ಅವಳೇ ಎಂದು ಜನ ಯಾವ ತಪ್ಪಿನಿಂದ ಗುರುತು ಹಿಡಿಯಬೇಕು? ತಂತಿಯನ್ನು ಮತ್ತೆ ಬೆಸೆದು ಮೊಹರು ಹಾಕಿದ್ದಾರೆ. ಆಷಾಢ ಇನ್ನೂ ಒಂಬತ್ತು ದಿನ ಇದೆ.

ಈ ಯಂತ್ರವನ್ನು ಮೊದಲು ಕಟ್ಟಿದವರು ನಿಮ್ಮ ಕಾಲದವರಂತೆ. ಬೇಡವೆನ್ನಲು ನಾನಾರು? ಆದರೆ ಅದನ್ನು ನಿಲ್ಲಿಸುವ ಗುಂಡಿಯೊಂದನ್ನು ಮಾತಾಡುವವಳ ಕೈಗೆ ಎಟುಕುವಲ್ಲಿ ಇಡಿ. ಇಷ್ಟೇ ನನ್ನ ಬೇಡಿಕೆ. ಹೊರಗೆ ಒಳೆಯ ಸದ್ದು ಏರುತ್ತಿದೆ. ಒಳೆ ಎಂದೇ ಬರೆದಿದ್ದೇನೆ. ತಿದ್ದಬೇಡಿ.

ಸಿದ್ದಾಜಮ್ಮ